ಎಂಟಂಕಿ ಸಂಖ್ಯೆಯ ಜಾತಕ: ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವ ಕ್ರಮ

ಉದ್ದನೆಯ ಸಂಖ್ಯೆಯೊಂದನ್ನು ಮುಂದಿಟ್ಟು "ಇದರ ಗುಣಗಳನ್ನೆಲ್ಲ ಹೇಗೆ ಕಂಡುಹಿಡಿಯೋದು?" ಎಂದು ಕೇಳುವವರು ಬಹಳ ಜನ. ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು, ಇದು ಪೂರ್ಣವರ್ಗವೇ, ಅವಿಭಾಜ್ಯವೇ, ದ್ವಿಮಾನದಲ್ಲಿ ಹೇಗೆ ಕಾಣುತ್ತದೆ ಎಂದು ಪ್ರಶ್ನೆಗಳ ಪಟ್ಟಿಯೇ ಇರುತ್ತದೆ. ಉತ್ತರ ಕೊಡುವ ತಂತ್ರಾಂಶಗಳೇನೋ ಇವೆ. ಆದರೆ ಅವು ಇಪ್ಪತ್ತು ಸಾಲಿನ ಉತ್ತರವನ್ನು ಸುಮ್ನೆ ಮುಖಕ್ಕೆ ಎಸೆಯುತ್ತವೆ. ಯಾವುದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪಟ್ಟಿಯಲ್ಲಿ ನಿಜವಾದ ಕೆಲಸ ಒಂದೇ: ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು. ಅದೊಂದು ಆಯಿತೆಂದರೆ ಉಳಿದ ಮುಕ್ಕಾಲು ಪಾಲು ಉತ್ತರ ಎರಡು ಮೂರು ಗುಣಾಕಾರದಲ್ಲಿ ಬರುತ್ತದೆ. ಅದಕ್ಕೇ ಈ ಲೇಖನದ ಮೊದಲ ಅರ್ಧ ಒಡೆಯುವುದರ ಬಗ್ಗೆಯೇ ಇದೆ.

ಉದಾಹರಣೆಗೆ 3,30,58,872 ಎಂಬ ಸಂಖ್ಯೆ ತೆಗೆದುಕೊಂಡಿದ್ದೇನೆ. ಇದು ಹೆಸರುವಾಸಿ ಸಂಖ್ಯೆಯೇನಲ್ಲ. ಕಲಿಯುವವರು ಸಾಮಾನ್ಯವಾಗಿ ಎಡವುವ ಜಾಗಗಳೆಲ್ಲ ಇದರಲ್ಲಿವೆ ಅಂತ ಆರಿಸಿಕೊಂಡೆ.

ಬೇಕಾಗುವುದು ಏನು?

ಕಾಗದ, ಪೆನ್ನು, ಹತ್ತಂಕಿಯಾದರೂ ತೋರಿಸುವ ಕ್ಯಾಲ್ಕುಲೇಟರ್. ಜೊತೆಗೆ 100ರ ಒಳಗಿನ 25 ಅವಿಭಾಜ್ಯ ಸಂಖ್ಯೆಗಳ ಪಟ್ಟಿ: 2, 3, 5, 7, 11, 13, 17, 19, 23, 29, 31, 37, 41, 43, 47, 53, 59, 61, 67, 71, 73, 79, 83, 89, 97. ಇದನ್ನು ಕಾಗದದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಪದೇ ಪದೇ ಬೇಕಾಗುತ್ತದೆ.

ಮೂರು ಪದ ಗೊತ್ತಿದ್ದರೆ ಸಾಕು. ಒಂದು ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವುದು ಅದರ ಭಾಜಕ. 1 ಮತ್ತು ತಾನೇ, ಈ ಎರಡೇ ಭಾಜಕ ಇರುವ ಸಂಖ್ಯೆ ಅವಿಭಾಜ್ಯ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಪ್ರೈಮ್ ನಂಬರ್. 2³ ಎಂದು ಬರೆದಾಗ ಮೇಲಿರುವ 3 ಘಾತಸೂಚಿ. 2 ಮೂರು ಸಲ ಗುಣಿಸಿಕೊಂಡಿದೆ ಎಂದು ಅರ್ಥ. 1 ಅವಿಭಾಜ್ಯ ಅಲ್ಲ. ಅದಕ್ಕೆ ಒಂದೇ ಭಾಜಕ ಇರುವುದು. ಇಲ್ಲಿ ತಪ್ಪಿದರೆ ಮುಂದಿನ ಎಣಿಕೆ ಎಲ್ಲ ತಪ್ಪುತ್ತದೆ.

ಕ್ಯಾಲ್ಕುಲೇಟರ್ ಬಗ್ಗೆ ಒಂದು ಎಚ್ಚರಿಕೆ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿ 15 ಅಂಕಿಗಿಂತ ಉದ್ದದ ಸಂಖ್ಯೆ ಹಾಕಿದರೆ 16ನೆಯ ಅಂಕಿಯಿಂದ ಮುಂದೆಲ್ಲ ಸೊನ್ನೆ ಆಗಿಬಿಡುತ್ತದೆ. ಅದು ಗಮನಕ್ಕೆ ಬರದೆ "ನನ್ನ ಸಂಖ್ಯೆ 10ರಿಂದ ಭಾಗವಾಗುತ್ತದೆ" ಎಂದು ಖುಷಿಪಡುವವರಿದ್ದಾರೆ. ಭಾಗವಾಗುವುದು ಅವರ ಸಂಖ್ಯೆಯಲ್ಲ, ತಂತ್ರಾಂಶ ಉಳಿಸಿಕೊಂಡ ಬೇರೆ ಯಾವುದೋ ಸಂಖ್ಯೆ. ಎಷ್ಟೋ ಪ್ರೋಗ್ರಾಮುಗಳಲ್ಲೂ 2⁵³, ಅಂದರೆ 9007199254740992 ದಾಟಿದ ಮೇಲೆ ಕೊನೆಯ ಅಂಕಿಯನ್ನು ನಂಬುವ ಹಾಗಿಲ್ಲ. ಪೈಥಾನ್‌ನ ಪೂರ್ಣ ಸಂಖ್ಯೆಗಳಿಗೆ ಈ ತೊಂದರೆ ಇಲ್ಲ.

ಹಂತ 1: ಅಲ್ಪವಿರಾಮ ತೆಗೆದು ಬರೆಯಿರಿ

ನಾವು ಲಕ್ಷ, ಕೋಟಿ ಲೆಕ್ಕದಲ್ಲಿ 3,30,58,872 ಎಂದು ಬರೆಯುತ್ತೇವೆ. ಮುಂದೆ ಬರುವ ಒಂದು ಪರೀಕ್ಷೆಗೆ ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಬೇಕು. ನಮ್ಮ ಅಲ್ಪವಿರಾಮಗಳನ್ನೇ ಗುಂಪೆಂದುಕೊಂಡರೆ ಉತ್ತರ ಹಾಳು. ಹಾಗಾಗಿ 33058872 ಎಂದು ಬರೆದು, ಪಕ್ಕದಲ್ಲಿ 33 | 058 | 872 ಎಂದೂ ಬರೆದುಕೊಳ್ಳಿ. ನಡುವಿನ ಗುಂಪಿನ ಸೊನ್ನೆಯನ್ನು ಬಿಡಬೇಡಿ.

ಇದೇ ಹೊತ್ತಿಗೆ ವರ್ಗಮೂಲವನ್ನೂ ಅಂದಾಜು ಮಾಡಿಟ್ಟುಕೊಳ್ಳಿ: 5749ಕ್ಕಿಂತ ಸ್ವಲ್ಪ ಹೆಚ್ಚು.

ಹಂತ 2: ಭಾಗಿಸದೆಯೇ ಕೇಳಬಹುದಾದ ಪ್ರಶ್ನೆಗಳು

2, 4, 8: ಕೊನೆಯ ಅಂಕಿ ಸಮವಾಗಿದ್ದರೆ 2ರಿಂದ ಭಾಗವಾಗುತ್ತದೆ. ಕೊನೆಯ ಎರಡಂಕಿ 4ರಿಂದ ಹೋದರೆ ಇಡೀ ಸಂಖ್ಯೆ 4ರಿಂದ, ಕೊನೆಯ ಮೂರಂಕಿ 8ರಿಂದ ಹೋದರೆ ಇಡೀ ಸಂಖ್ಯೆ 8ರಿಂದ ಹೋಗುತ್ತದೆ. ನಮ್ಮಲ್ಲಿ 872 ÷ 8 = 109. ಹೋಯಿತು. ಕೊನೆಯ ನಾಲ್ಕಂಕಿ 8872ನ್ನು 16ರಿಂದ ಭಾಗಿಸಿದರೆ 8 ಉಳಿಯುತ್ತದೆ. ಆದ್ದರಿಂದ 2ರ ಘಾತಸೂಚಿ ಸರಿಯಾಗಿ 3.

3, 9: ಅಂಕಿಗಳನ್ನು ಕೂಡಿ. 3+3+0+5+8+8+7+2 = 36. ಇದು 9ರಿಂದ ಹೋಗುತ್ತದೆ, ಹಾಗಾಗಿ ಸಂಖ್ಯೆಯೂ ಹೋಗುತ್ತದೆ. ಯಾಕೆ ಅಂತ ಒಂದು ಸಾಲಿನಲ್ಲಿ ಹೇಳುತ್ತೇನೆ: 10, 100, 1000 ಎಲ್ಲವನ್ನೂ 9ರಿಂದ ಭಾಗಿಸಿದಾಗ ಉಳಿಯುವುದು 1. ಆದ್ದರಿಂದ ಪ್ರತಿ ಅಂಕಿಯೂ ಯಾವ ಸ್ಥಾನದಲ್ಲಿದ್ದರೂ ಶೇಷಕ್ಕೆ ತನ್ನಷ್ಟೇ ಕೊಡುತ್ತದೆ.

ಇಲ್ಲೊಂದು ಗುಂಡಿ ಇದೆ. "3ಕ್ಕೂ ಅಂಕಿ ಮೊತ್ತ, 9ಕ್ಕೂ ಅಂಕಿ ಮೊತ್ತ, ಹಾಗಾದರೆ 27ಕ್ಕೂ ಅದೇ" ಎಂದು ಮುಂದುವರಿಯಬೇಡಿ. 1899ರ ಅಂಕಿ ಮೊತ್ತ 27. ಆದರೆ 27ರಿಂದ ಭಾಗಿಸಿದರೆ 9 ಉಳಿಯುತ್ತದೆ. ಈ ಉಪಾಯ 9ಕ್ಕೇ ನಿಂತುಹೋಗುತ್ತದೆ.

5: ಕೊನೆಯಲ್ಲಿ 0 ಅಥವಾ 5 ಇಲ್ಲ. ಮುಗಿಯಿತು.

7, 11, 13: ಇವು ಮೂರಕ್ಕೂ ಒಂದೇ ಪರೀಕ್ಷೆ ಸಾಕು. 7 × 11 × 13 = 1001 ಎಂಬುದೇ ಅದರ ಗುಟ್ಟು. ಮೂರು ಮೂರು ಅಂಕಿಯ ಗುಂಪುಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ, ಕಳೆಯಿರಿ: 872 − 58 + 33 = 847. ಈಗ 847ನ್ನು ಮಾತ್ರ ನೋಡಿದರೆ ಸಾಕು. 7ರಿಂದ ಹೋಗುತ್ತದೆ (121), 11ರಿಂದ ಹೋಗುತ್ತದೆ (77), 13ರಿಂದ ಭಾಗಿಸಿದರೆ 2 ಉಳಿಯುತ್ತದೆ. ಮೂರು ದೊಡ್ಡ ಭಾಗಾಕಾರದ ಬದಲು ಒಂದು ಪುಟ್ಟ ಲೆಕ್ಕ. ಭಾಜ್ಯತೆಯ ಪರೀಕ್ಷೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಆದರೆ ಇದರಲ್ಲೇ ಅತಿ ದೊಡ್ಡ ಗುಂಡಿಯೂ ಇದೆ. 847 = 7 × 11 × 11. ಹಾಗಾದರೆ ನಮ್ಮ ಸಂಖ್ಯೆಯಲ್ಲೂ 11 ಎರಡು ಸಲ ಇದೆಯೇ? ಇಲ್ಲ. 1001ರಲ್ಲಿ 11 ಇರುವುದು ಒಂದೇ ಸಲ, ಆದ್ದರಿಂದ ಈ ಪರೀಕ್ಷೆ 11ರ ಬಗ್ಗೆ ಹೇಳುತ್ತದೆಯೇ ಹೊರತು 121ರ ಬಗ್ಗೆ ಏನನ್ನೂ ಹೇಳುವುದಿಲ್ಲ. 847ರಲ್ಲಿ ಕಂಡ ಎರಡನೆಯ 11 ಬರೀ ಕಾಕತಾಳೀಯ. ಭಾಗಾಕಾರ ಮಾಡಿಯೇ ತಿಳಿಯಬೇಕು.

ಹಂತ 3: ಒಂದೊಂದಾಗಿ ತೆಗೆಯಿರಿ

ಈಗ ಪೆನ್ನು ಹಿಡಿಯಿರಿ.

33058872 ÷ 8 = 4132359
4132359 ÷ 9 = 459151
459151 ÷ 7 = 65593
65593 ÷ 11 = 5963

ಪ್ರತಿ ಸಲ ಭಾಗಿಸಿದ ಮೇಲೆ ಅದೇ ಅವಿಭಾಜ್ಯ ಇನ್ನೂ ಇದೆಯೇ ಎಂದು ಮತ್ತೆ ಕೇಳಬೇಕು. ಬಹಳ ಜನ ಇದನ್ನು ಬಿಟ್ಟು ಮುಂದಕ್ಕೆ ಹಾರುತ್ತಾರೆ. 459151ರ ಅಂಕಿ ಮೊತ್ತ 25. ಅಂದರೆ 3 ಇನ್ನು ಇಲ್ಲ. 65593ನ್ನು 7ರಿಂದ ಭಾಗಿಸಿದರೆ 3 ಉಳಿಯುತ್ತದೆ, ಏಳೂ ಮುಗಿಯಿತು. 5963ನ್ನು 11ರಿಂದ ನೋಡಿ; 11ಕ್ಕೆ ಮಾತ್ರವಾದರೆ ಬಲದಿಂದ ಒಂದೊಂದೇ ಅಂಕಿಯನ್ನು ಒಂದು ಬಿಟ್ಟು ಒಂದು ಕೂಡಿ, ಕಳೆದರೂ ಸಾಕು: 3 − 6 + 9 − 5 = 1. ಶೇಷ 1 ಉಳಿಯಿತು, ಎರಡನೆಯ 11 ಇಲ್ಲ ಎಂಬುದು ಖಾತ್ರಿಯಾಯಿತು.

ಇನ್ನೊಂದು ಮಾತು. "4ರಿಂದ ಹೋಗುತ್ತದೆ, 6ರಿಂದ ಹೋಗುತ್ತದೆ, ಹಾಗಾಗಿ 24ರಿಂದ ಹೋಗುತ್ತದೆ" ಎಂಬ ವಾದ ತಪ್ಪು, 12ನ್ನೇ ನೋಡಿ. ಎರಡು ಭಾಜಕಗಳ ನಡುವೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಮಾತ್ರ ಹೀಗೆ ಗುಣಿಸಬಹುದು. 8 ಮತ್ತು 9ರ ನಡುವೆ ಇಲ್ಲ, ಅದಕ್ಕೇ ನಾವು 72ರಿಂದ ಧೈರ್ಯವಾಗಿ ಭಾಗಿಸಿದೆವು.

ಹಂತ 4: ಉಳಿದದ್ದನ್ನು ಒಡೆಯುವುದು

ಕೈಯಲ್ಲಿ ಉಳಿದಿರುವುದು 5963. ನೋಡಲು ಅವಿಭಾಜ್ಯದಂತೆಯೇ ಇದೆ. ನಿಜವಾಗಿ ಕಷ್ಟ ಶುರುವಾಗುವುದು ಇಲ್ಲೇ, ಜನ ಕೈಬಿಡುವುದೂ ಇಲ್ಲೇ.

ನಿಯಮ ಇಷ್ಟು: ಒಂದು ಸಂಖ್ಯೆ ಅವಿಭಾಜ್ಯ ಅಲ್ಲದಿದ್ದರೆ ಅದಕ್ಕೆ ತನ್ನ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇದ್ದೇ ಇರುತ್ತದೆ. ಎರಡು ಅಪವರ್ತನಗಳೂ ವರ್ಗಮೂಲಕ್ಕಿಂತ ದೊಡ್ಡದಾದರೆ ಗುಣಲಬ್ಧ ಮೂಲ ಸಂಖ್ಯೆಯನ್ನೇ ದಾಟಿಬಿಡುತ್ತದೆ, ಅಲ್ವಾ? ಹಾಗಾಗಿ ಅಲ್ಲಿಯವರೆಗೆ ಹುಡುಕಿದರೆ ಸಾಕು.

ಯಾವ ವರ್ಗಮೂಲ? ಉಳಿದ ಸಂಖ್ಯೆಯದು, ಮೂಲ ಸಂಖ್ಯೆಯದಲ್ಲ. ಮೂಲ ಸಂಖ್ಯೆಯ ವರ್ಗಮೂಲ 5749. ಅದರ ಒಳಗೆ ಏಳುನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. 5963ರ ವರ್ಗಮೂಲ 77ರ ಆಸುಪಾಸು. ಅಂದರೆ ಪಟ್ಟಿಯಲ್ಲಿ 73ರವರೆಗೆ ಹೋದರೆ ಸಾಕು. 13ರಿಂದ ಶುರು ಮಾಡಿ: 13ಕ್ಕೆ ಶೇಷ 9, 17ಕ್ಕೆ 13, 19ಕ್ಕೆ 16, 23ಕ್ಕೆ 6, 29ಕ್ಕೆ 18, 31ಕ್ಕೆ 11, 37ಕ್ಕೆ 6, 41ಕ್ಕೆ 18, 43ಕ್ಕೆ 29, 47ಕ್ಕೆ 41, 53ಕ್ಕೆ 27, 59ಕ್ಕೆ 4, 61ಕ್ಕೆ 46. ಇಷ್ಟರಲ್ಲಿ "ಇದು ಅವಿಭಾಜ್ಯವೇ ಇರಬೇಕು" ಎಂದು ನಿಲ್ಲಿಸುವ ಆಸೆ ಆಗುತ್ತದೆ. ನಿಲ್ಲಿಸಬೇಡಿ. ಮುಂದಿನದು 67, ಮತ್ತು 5963 = 67 × 89.

ಇದಕ್ಕೆ ಒಂದು ಅಡ್ಡದಾರಿಯೂ ಇದೆ. 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ಡಿ ಫರ್ಮಾ ತೋರಿಸಿಕೊಟ್ಟದ್ದು. ಬೆಸ ಸಂಖ್ಯೆಯ ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ ಪೂರ್ಣ ಸಂಖ್ಯೆ ತೆಗೆದುಕೊಂಡು, ಅದರ ವರ್ಗದಿಂದ ನಿಮ್ಮ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದು ಪೂರ್ಣವರ್ಗವಾದರೆ ಗೆದ್ದಿರಿ. ಇಲ್ಲದಿದ್ದರೆ ಒಂದು ಹೆಚ್ಚಿಸಿ ಮತ್ತೆ ನೋಡಿ.

78² = 6084
6084 − 5963 = 121 = 11²

ಆದ್ದರಿಂದ 5963 = 78² − 11² = (78 − 11) × (78 + 11) = 67 × 89. ಮೊದಲ ಏಟಿಗೇ ಬಿತ್ತು! ಅಲ್ಲಿ ಹದಿಮೂರು ಭಾಗಾಕಾರ ಸೋತ ಮೇಲೆ ಸಿಕ್ಕಿದ್ದು ಇಲ್ಲಿ ಒಂದೇ ವ್ಯವಕಲನದಲ್ಲಿ ಸಿಕ್ಕಿತು.

ಹಾಗಂತ ಇದನ್ನೇ ಎಲ್ಲ ಕಡೆ ಹಿಡಿದುಕೊಂಡು ಹೋಗಬೇಡಿ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಈ ವಿಧಾನ ಚುರುಕು. ಒಂದು ಸಣ್ಣದು, ಇನ್ನೊಂದು ತೀರಾ ದೊಡ್ಡದು ಆದರೆ ಭಾಗಾಕಾರಕ್ಕಿಂತ ನಿಧಾನ. ನನ್ನ ಸಲಹೆ: ಸಣ್ಣ ಅವಿಭಾಜ್ಯಗಳನ್ನೆಲ್ಲ ತೆಗೆದ ಮೇಲೆ ಫರ್ಮಾ ವಿಧಾನವನ್ನು ನಾಲ್ಕೈದು ಸಲ ಪ್ರಯತ್ನಿಸಿ, ಸಿಗದಿದ್ದರೆ ಪಟ್ಟಿಗೆ ಮರಳಿ.

ಹಂತ 5: ಬರೆದು, ತಿರುಗಿ ಗುಣಿಸಿ

33058872 = 2³ × 3² × 7 × 11 × 67 × 89

ಬಲಗಡೆಯದನ್ನು ಗುಣಿಸಿ ನೋಡದೆ ಮುಂದೆ ಹೋಗಬೇಡಿ. 8 × 9 = 72, 72 × 77 = 5544, 5544 × 5963 = 33058872. ಸರಿ ಇದೆ. ಇಲ್ಲಿಂದ ಮುಂದಿನ ಪ್ರತಿ ಉತ್ತರವೂ ಈ ಒಂದು ಸಾಲಿನ ಮೇಲೆ ನಿಂತಿದೆ. ಒಂದು ಘಾತಸೂಚಿ ತಪ್ಪಿದರೂ ಎಲ್ಲ ತಪ್ಪು, ಮತ್ತು ಆ ತಪ್ಪು ಮುಂದೆ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಈ ಸಾಲು ಬೇರೆ ಯಾವ ದಾರಿಯಲ್ಲಿ ಹೋದರೂ ಇದೇ ಬರುತ್ತದೆ. ಕ್ರಮ ಬದಲಾಗಬಹುದು ಅಷ್ಟೇ. 1ಕ್ಕಿಂತ ದೊಡ್ಡ ಪ್ರತಿ ಪೂರ್ಣ ಸಂಖ್ಯೆಗೂ ಒಂದೇ ಒಂದು ಅವಿಭಾಜ್ಯ ಒಡಕು ಇರುತ್ತದೆ ಎಂಬುದನ್ನು ಅಂಕಗಣಿತದ ಮೂಲ ಪ್ರಮೇಯ ಎನ್ನುತ್ತಾರೆ.

ಹಂತ 6: ಭಾಜಕಗಳು ಎಷ್ಟು?

ಪ್ರತಿ ಘಾತಸೂಚಿಗೆ 1 ಕೂಡಿಸಿ, ಎಲ್ಲವನ್ನೂ ಗುಣಿಸಿ. ಘಾತಸೂಚಿಗಳು 3, 2, 1, 1, 1, 1. ಆದ್ದರಿಂದ 4 × 3 × 2 × 2 × 2 × 2 = 192.

1 ಕೂಡಿಸುವುದು ಯಾಕೆ? ಒಂದು ಭಾಜಕ ಕಟ್ಟುವಾಗ 2ನ್ನು ಮೂರು ಸಲ, ಎರಡು ಸಲ, ಒಂದು ಸಲ ಹಾಕಬಹುದು, ಇಲ್ಲವೇ ಹಾಕದೆಯೂ ಇರಬಹುದು. ಹಾಗಾಗಿ ನಾಲ್ಕು ಆಯ್ಕೆ. ಏನನ್ನೂ ಹಾಕದಿದ್ದರೆ ಸಿಗುವ ಭಾಜಕ 1.

192 ಜಾಸ್ತಿಯೋ ಕಡಿಮೆಯೋ? ಈ ಗಾತ್ರದ ಸಂಖ್ಯೆಗಳಿಗೆ ಸರಾಸರಿ ಸುಮಾರು 18 ಭಾಜಕ ಇರುತ್ತವೆ, ಅಂದರೆ ನಮ್ಮದು ಹತ್ತು ಪಟ್ಟು ಶ್ರೀಮಂತ. ಆದರೆ ಇದಕ್ಕಿಂತ ಸ್ವಲ್ಪ ಚಿಕ್ಕದಾದ 3,24,32,400ಕ್ಕೆ 600 ಭಾಜಕಗಳಿವೆ. ಅದು 2⁴ × 3⁴ × 5² × 7 × 11 × 13. ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕ ಇರುವ ಇಂಥ ಸಂಖ್ಯೆಗಳ ಬಗ್ಗೆ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೀರ್ಘ ಪ್ರಬಂಧವನ್ನೇ ಪ್ರಕಟಿಸಿದರು. ಸಣ್ಣ ಅವಿಭಾಜ್ಯಗಳನ್ನು ಒಂದನ್ನೂ ಬಿಡದೆ ಬಳಸುವುದೇ ಅವುಗಳ ಗುಣ. ನಮ್ಮ ಸಂಖ್ಯೆ 5 ಮತ್ತು 13ನ್ನು ಬಿಟ್ಟು 67, 89ರ ಮೇಲೆ ಖರ್ಚು ಮಾಡಿದೆ. ಅದಕ್ಕೇ ಹಿಂದೆ ಬಿದ್ದಿದೆ.

ಹಂತ 7: ಭಾಜಕಗಳ ಮೊತ್ತ

192 ಭಾಜಕಗಳನ್ನು ಬರೆದು ಕೂಡಿಸುವ ಕೆಲಸಕ್ಕೆ ಕೈ ಹಾಕಬೇಡಿ. ಪ್ರತಿ ಅವಿಭಾಜ್ಯಕ್ಕೂ ಬೇರೆ ಬೇರೆ ಮೊತ್ತ ಮಾಡಿ ಗುಣಿಸಿ.

2³ಕ್ಕೆ: 1 + 2 + 4 + 8 = 15
3²ಕ್ಕೆ: 1 + 3 + 9 = 13
7ಕ್ಕೆ 8, 11ಕ್ಕೆ 12, 67ಕ್ಕೆ 68, 89ಕ್ಕೆ 90

15 × 13 × 8 × 12 × 68 × 90 = 11,45,66,400.

9ಕ್ಕೆ 1 + 9 ಎಂದು ಬರೆದು ನಡುವಿನ 3ನ್ನು ಮರೆಯುವುದು ಇಲ್ಲಿನ ಮಾಮೂಲಿ ತಪ್ಪು.

ಈ ಮೊತ್ತದಿಂದ ಸಂಖ್ಯೆಯನ್ನೇ ಕಳೆದರೆ 8,15,07,528 ಉಳಿಯುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ದೊಡ್ಡದಾದರೆ ಸಮೃದ್ಧ ಸಂಖ್ಯೆ, ಚಿಕ್ಕದಾದರೆ ನ್ಯೂನ ಸಂಖ್ಯೆ, ಸರಿಸಮ ಆದರೆ ಪರಿಪೂರ್ಣ ಸಂಖ್ಯೆ. ನಮ್ಮದು ಸಮೃದ್ಧ. ಪರಿಪೂರ್ಣಕ್ಕೆ ಸುಲಭ ಉದಾಹರಣೆ 6 = 1 + 2 + 3. ಅವು ತೀರಾ ಅಪರೂಪ: 6, 28, 496, 8128, ಆಮೇಲೆ ಐದನೆಯದು 3,35,50,336. ನೋಡಿ, ನಮ್ಮ ಸಂಖ್ಯೆಯಿಂದ ಬರೀ 4,91,464 ದೂರದಲ್ಲಿದೆ. ಹತ್ತಿರ ಇದ್ದ ಮಾತ್ರಕ್ಕೆ ಏನೂ ಅಂಟುವುದಿಲ್ಲ ಬಿಡಿ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬುದಂತೂ ಇಂದಿಗೂ ಬಗೆಹರಿಯದ ಪ್ರಶ್ನೆ.

ಹಂತ 8: ಆಯ್ಲರ್ ಫೈ

1ರಿಂದ ನಮ್ಮ ಸಂಖ್ಯೆಯವರೆಗಿನ ಎಷ್ಟು ಸಂಖ್ಯೆಗಳಿಗೆ ನಮ್ಮದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲ? ಈ ಎಣಿಕೆಗೆ ಗಣಿತಜ್ಞ ಆಯ್ಲರ್ ಹೆಸರು ಸೇರಿಸಿ ಆಯ್ಲರ್ ಫೈ ಎನ್ನುತ್ತಾರೆ.

ಲೆಕ್ಕ ಸುಲಭ. ಪ್ರತಿ ಅವಿಭಾಜ್ಯದಿಂದ 1 ಕಳೆಯಿರಿ, ಘಾತಸೂಚಿ 1ಕ್ಕಿಂತ ಹೆಚ್ಚಿದ್ದರೆ ಉಳಿದ ಘಾತವನ್ನು ಅದಕ್ಕೆ ಗುಣಿಸಿ. 2³ಕ್ಕೆ 4 × 1 = 4. 3²ಕ್ಕೆ 3 × 2 = 6. ಉಳಿದವು 6, 10, 66, 88.

4 × 6 × 6 × 10 × 66 × 88 = 83,63,520. ಹತ್ತಿರ ಹತ್ತಿರ ನಾಲ್ಕನೆಯ ಒಂದು ಭಾಗ.

ಆರ್‌ಎಸ್‌ಎ ಎಂಬ ಗೂಢಲಿಪಿ ಪದ್ಧತಿ ನಿಂತಿರುವುದು ಇದರ ಮೇಲೆಯೇ. ಸಂಖ್ಯೆಯ ಒಡಕು ಗೊತ್ತಿದ್ದವರಿಗೆ ಫೈ ಒಂದು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ದಾರಿಯೇ ಕಾಣುವುದಿಲ್ಲ.

ಹಂತ 9: ವರ್ಗಗಳ ಪ್ರಶ್ನೆ

ಪೂರ್ಣವರ್ಗವೇ? ಕೊನೆಯ ಅಂಕಿ 2. ವರ್ಗಗಳು 0, 1, 4, 5, 6, 9ರಲ್ಲಿ ಮಾತ್ರ ಕೊನೆಯಾಗುತ್ತವೆ. ಆದ್ದರಿಂದ ಅಲ್ಲ.

ಎಷ್ಟರಿಂದ ಗುಣಿಸಿದರೆ ಪೂರ್ಣವರ್ಗ ಆಗುತ್ತದೆ? ಪರೀಕ್ಷೆಗಳಲ್ಲಿ ಬಹಳ ಸಲ ಕಾಣುವ ಪ್ರಶ್ನೆ ಇದು. ಎಲ್ಲ ಘಾತಸೂಚಿಗಳೂ ಸಮವಾಗಬೇಕು. ಬೆಸ ಘಾತ ಇರುವವು 2, 7, 11, 67, 89. ಇವನ್ನು ಗುಣಿಸಿದರೆ 9,18,302. ಅದೇ ಉತ್ತರ. 3ರ ಘಾತ ಆಗಲೇ ಸಮ, ಅದನ್ನು ಸೇರಿಸಬೇಡಿ.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 4ರಿಂದ ಭಾಗಿಸಿದಾಗ ಶೇಷ 3 ಕೊಡುವ ಅವಿಭಾಜ್ಯಗಳನ್ನು ಹುಡುಕಿ. ಅವುಗಳ ಘಾತಸೂಚಿ ಎಲ್ಲವೂ ಸಮ ಆಗಿದ್ದರೆ ಮಾತ್ರ ಆಗುತ್ತದೆ. 3ರ ಘಾತ ಸಮ, ಅಡ್ಡಿ ಇಲ್ಲ. ಆದರೆ 7 ಇದೆ, ಘಾತ ಒಂದೇ. ಅಲ್ಲಿಗೆ ಮುಗಿಯಿತು, ಸಾಧ್ಯವಿಲ್ಲ. ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಲು ಯಾವ ಸಂಖ್ಯೆಗೂ ಅಡ್ಡಿಯಿಲ್ಲ; ಲಗ್ರಾಂಜ್ 1770ರಲ್ಲಿ ಸಾಧಿಸಿದ ಪ್ರಮೇಯ ಅದು.

ಹಂತ 10: ಅಂಕಿಗಳ ಆಟ

ಇಲ್ಲಿಯವರೆಗಿನ ಗುಣಗಳು ಸಂಖ್ಯೆಯವು. ಇನ್ನು ಬರುವವು ಅದನ್ನು ಬರೆಯುವ ರೀತಿಯವು. ಹತ್ತರ ಬದಲು ಬೇರೆ ಆಧಾರದಲ್ಲಿ ಬರೆದರೆ ಇವು ಬದಲಾಗುತ್ತವೆ. ಇವನ್ನು ಮೊದಲ ಸಾಲಿನಲ್ಲೇ ದೊಡ್ಡದಾಗಿ ಹಾಕುವ ಪಟ್ಟಿಗಳನ್ನು ನೋಡಿದ್ದೇನೆ. ನನಗೇನೋ ಇವು ಊಟದ ಕೊನೆಗೆ ಬರಬೇಕಾದವು.

ಅಂಕಿ ಮೊತ್ತ 36, ಮತ್ತು ನಮ್ಮ ಸಂಖ್ಯೆ 36ರಿಂದ ಭಾಗವಾಗುತ್ತದೆ. ತನ್ನ ಅಂಕಿ ಮೊತ್ತದಿಂದ ಭಾಗವಾಗುವ ಇಂಥವನ್ನು ಹರ್ಷದ ಸಂಖ್ಯೆ ಎಂದು ಕರೆದವರು ಡಿ. ಆರ್. ಕಾಪ್ರೇಕರ್.

ದ್ವಿಮಾನಕ್ಕೆ, ಅಂದರೆ 0 ಮತ್ತು 1 ಮಾತ್ರ ಬಳಸುವ ಪದ್ಧತಿಗೆ ತರಲು 2ರಿಂದ ಭಾಗಿಸುತ್ತಾ ಹೋಗಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೇಲಿನಿಂದ ಕೆಳಕ್ಕೆ ಓದುವುದು ಇಲ್ಲಿನ ಮಾಮೂಲಿ ತಪ್ಪು. ಸಿಗುವುದು ಇದು:

1111110000111000000111000

25 ಅಂಕಿ, ಅದರಲ್ಲಿ ಹನ್ನೆರಡು 1ಗಳು. ಆರು ಒಂದು, ನಾಲ್ಕು ಸೊನ್ನೆ, ಮೂರು ಒಂದು, ಆರು ಸೊನ್ನೆ, ಮೂರು ಒಂದು, ಮೂರು ಸೊನ್ನೆ: ನೋಡಲು ಚೆಂದ ಇದೆ, ಅಷ್ಟೇ. ಕೊನೆಯ ಮೂರು ಸೊನ್ನೆಗಳು ಮಾತ್ರ ಅರ್ಥವಿರುವವು. ಅವು ನಮ್ಮ 2³. ಅಲ್ಲಿ ಸೊನ್ನೆಗಳು ಮೂರು ಇಲ್ಲದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ.

ಇನ್ನು 1 ÷ 33058872. ಇದರ ದಶಮಾಂಶ ಎಷ್ಟು ಅಂಕಿಗೊಮ್ಮೆ ಮರುಕಳಿಸುತ್ತದೆ? ಕ್ಯಾಲ್ಕುಲೇಟರ್ ಇಲ್ಲಿ ಕೈಲಾಗದು ಎನ್ನುತ್ತದೆ, ಒಡಕು ಹೇಳುತ್ತದೆ. 2ರ ಘಾತ 3 ಇರುವುದರಿಂದ ಮೊದಲ ಮೂರು ಅಂಕಿ ಚಕ್ರದ ಹೊರಗೆ. ಆಮೇಲೆ 1/9ರ ಚಕ್ರ 1 ಅಂಕಿ, 1/7ರದು 6 (142857), 1/11ರದು 2, 1/67ರದು 33, 1/89ರದು 44. ಇವುಗಳ ಲ.ಸಾ.ಅ. 132. ಆದ್ದರಿಂದ ಮೂರು ಅಂಕಿ ಕಳೆದ ಮೇಲೆ 132 ಅಂಕಿಗಳ ಸಾಲು ಕೊನೆಯಿಲ್ಲದೆ ಮರುಕಳಿಸುತ್ತದೆ. ಚಕ್ರಗಳನ್ನು ಗುಣಿಸಬಾರದು, ಲ.ಸಾ.ಅ. ತೆಗೆಯಬೇಕು.

ಹಂತ 11: ನಿಮ್ಮ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದಾದರೆ

ಹನ್ನೆರಡು ಅಂಕಿ ದಾಟಿದರೆ ಕಾಗದ ಬಿಡಿ. ಲಿನಕ್ಸ್‌ನಲ್ಲಿ ಫ್ಯಾಕ್ಟರ್ ಎಂಬ ಆಜ್ಞೆ ಇದೆ, ಪೈಥಾನ್‌ನಲ್ಲಿ ಸಿಮ್‌ಪೈ ಎಂಬ ಗಣಿತದ ಲೈಬ್ರರಿ ಇದೆ, ಗಂಭೀರ ಕೆಲಸಕ್ಕೆ ಪಾರಿ ಎಂಬ ತಂತ್ರಾಂಶ ಇದೆ. ಇಪ್ಪತ್ತು ಮೂವತ್ತು ಅಂಕಿ ಇವುಗಳಿಗೆ ಸಾಮಾನ್ಯವಾಗಿ ಸಲೀಸು.

ಅವು ಕೊಡುವ ಉತ್ತರ ಓದುವಾಗ ಒಂದು ವಿಷಯ ಗಮನದಲ್ಲಿರಲಿ. "ಅವಿಭಾಜ್ಯವೇ?" ಎಂಬುದು ಸುಲಭದ ಪ್ರಶ್ನೆ, "ಅಪವರ್ತನಗಳು ಯಾವುವು?" ಎಂಬುದು ಕಷ್ಟದ ಪ್ರಶ್ನೆ. ಮೊದಲನೆಯದಕ್ಕೆ ಭಾಗಿಸದೆಯೇ ಉತ್ತರಿಸುವ ಪರೀಕ್ಷೆಗಳಿವೆ. ಅವುಗಳಲ್ಲಿ ಹಳೆಯದು ಫರ್ಮಾ ಪರೀಕ್ಷೆ: 2ನ್ನು ಸಂಖ್ಯೆಯಷ್ಟು ಸಲ ಗುಣಿಸಿ, ಅದೇ ಸಂಖ್ಯೆಯಿಂದ ಭಾಗಿಸಿದರೆ 2 ಉಳಿಯಬೇಕು. ಬೆಸ ಅವಿಭಾಜ್ಯಗಳೆಲ್ಲ ಇದರಲ್ಲಿ ಪಾಸಾಗುತ್ತವೆ. ತೊಂದರೆ ಏನೆಂದರೆ 341 ಕೂಡ ಪಾಸಾಗುತ್ತದೆ, ಅದು 11 × 31. 561 ಇನ್ನೂ ಕಿಲಾಡಿ. 2ರ ಬದಲು ಬೇರೆ ಯಾವ ಸಂಖ್ಯೆ ಹಾಕಿದರೂ ಈ ರೂಪದ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ, ಆದರೆ ಅದು 3 × 11 × 17.

ಹಾಗಾಗಿ ಇಂದು ಬಳಸುವುದು ಇನ್ನೂ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆ. 2, 3, 5, 7 ಈ ನಾಲ್ಕನ್ನು ಆಧಾರವಾಗಿ ಹಾಕಿ ಪರೀಕ್ಷಿಸಿದರೆ 3215031751ಕ್ಕಿಂತ ಚಿಕ್ಕ ಯಾವ ಸಂಖ್ಯೆಯ ಬಗ್ಗೆಯೂ ಅದು ತಪ್ಪು ಹೇಳುವುದಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಕೆಲವು ತಂತ್ರಾಂಶಗಳು "ಬಹುಶಃ ಅವಿಭಾಜ್ಯ" ಎನ್ನುತ್ತವೆ. ಆ "ಬಹುಶಃ" ಪದವನ್ನು ಕತ್ತರಿಸಿ ನಕಲು ಮಾಡಬೇಡಿ. ನೂರಕ್ಕೆ ನೂರು ಖಚಿತ ಉತ್ತರ, ಅದೂ ಸಂಖ್ಯೆ ಬೆಳೆದಂತೆ ಕೆಲಸ ವಿಪರೀತ ಬೆಳೆಯದ ಹಾಗೆ ಪಡೆಯುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಅಗ್ರವಾಲ್, ಕಯಾಲ್ ಮತ್ತು ಸಕ್ಸೇನಾ ಕೊಟ್ಟರು. ದಿನನಿತ್ಯದ ಬಳಕೆಗೆ ಅದು ನಿಧಾನ.

ಎರಡನೆಯ ಪ್ರಶ್ನೆಗೆ ಅಂಥ ವೇಗದ ದಾರಿ ಸಾಮಾನ್ಯ ಕಂಪ್ಯೂಟರುಗಳಿಗೆ ಇನ್ನೂ ಸಿಕ್ಕಿಲ್ಲ. ಸವಾಲಿಗೆಂದು ಪ್ರಕಟಿಸಿದ್ದ ಆರ್‌ಎಸ್‌ಎ-250 ಎಂಬ 250 ಅಂಕಿಯ ಸಂಖ್ಯೆಯನ್ನು 2020ರಲ್ಲಿ ಬಹಳಷ್ಟು ಕಂಪ್ಯೂಟರುಗಳನ್ನು ಸೇರಿಸಿ ಒಡೆದರು.

ಆದ್ದರಿಂದ "ಇದು ಅವಿಭಾಜ್ಯ ಅಲ್ಲ, ಆದರೆ ಅಪವರ್ತನ ಗೊತ್ತಿಲ್ಲ" ಎಂಬುದೂ ಪೂರ್ತಿ ಸರಿಯಾದ ಉತ್ತರವೇ. ನಿಮ್ಮ ತಂತ್ರಾಂಶ ಹಾಗೆ ಹೇಳಿದರೆ ಅದು ಕೆಟ್ಟಿಲ್ಲ. 2⁶⁷ − 1 ಅವಿಭಾಜ್ಯ ಅಲ್ಲ ಎಂದು ಎದುವಾರ್ ಲೂಕಾ 1876ರಲ್ಲೇ ತೋರಿಸಿದ್ದರು, ಒಂದೂ ಅಪವರ್ತನ ಕೊಡದೆ. 193707721 × 761838257287 ಎಂಬ ಒಡಕು ಫ್ರಾಂಕ್ ನೆಲ್ಸನ್ ಕೋಲ್ ಅವರಿಂದ ಬಂದದ್ದು 1903ರಲ್ಲಿ. ಅಂಥ ಸಂಖ್ಯೆ ನಿಮ್ಮ ಪಾಲಿಗೆ ಬಂದರೆ 1ರಿಂದ 3ರವರೆಗಿನ ಹಂತ ಮುಗಿಸಿ, ಸಿಕ್ಕ ಸಣ್ಣ ಅಪವರ್ತನಗಳನ್ನು ಬರೆದು, ಉಳಿದ ತುಂಡಿನ ಮುಂದೆ "ಒಡೆದಿಲ್ಲ" ಎಂದು ಗುರುತು ಹಾಕಿ. 6, 7, 8ನೆಯ ಹಂತದ ಉತ್ತರಗಳನ್ನು ಅಂದಾಜಿನಲ್ಲಿ ತುಂಬಲು ಹೋಗಬೇಡಿ, ಖಾಲಿ ಬಿಡಿ.